ಹದಿನೆಂಟು ಅಂಕಿ

ಇವತ್ತು ಬೆಳಿಗ್ಗೆ ದಾವಣಗೆರೆ ಪಿ.ಜೆ. ಬಡಾವಣೆ. ಬೆಣ್ಣೆದೋಸೆ ಇನ್ನೂ ಹಂಚಿನ ಮೇಲಿತ್ತು. ಪಕ್ಕದ ಟೇಬಲ್ಲಿನ ಯಜಮಾನ್ರು ಕೇಳಿದ್ರು, "ಮಗ ಲಂಡನ್ನಾಗೆ ಏಳು ವರ್ಷ ದುಡಿದು ಬಂದಾನೆ. ಅಲ್ಲಿನ ಪೆನ್ಷನ್ ಹೋದಂಗೇನಾ?"

ಹೋಗಿಲ್ಲ. ಆದ್ರೆ ಬ್ರಿಟನ್ ಸರ್ಕಾರದ ಪೆನ್ಷನ್ನಿಗೆ ನ್ಯಾಷನಲ್ ಇನ್ಶೂರೆನ್ಸ್ (ಎನ್ಐ) ಅಂತ ವಂತಿಗೆ ಕಟ್ಟಬೇಕು; ಅದು 10 ವರ್ಷದ್ದು ಆಗದಿದ್ರೆ ಒಂದು ಪೆನ್ನಿನೂ ಬರಲ್ಲ. ಪೂರ್ತಿ ಮೊತ್ತಕ್ಕೆ 35 ವರ್ಷ ಬೇಕು.

ಕಮ್ಮಿ ಬಿದ್ದ ಮೂರು ವರ್ಷ ಇಲ್ಲಿಂದಲೇ ಕಟ್ಟಬಹುದು. ಸಾಮಾನ್ಯವಾಗಿ ಹಿಂದಿನ 6 ವರ್ಷದ್ದು ಮಾತ್ರ. ಹೊರದೇಶದಿಂದ ಕಟ್ಟೋಕೆ ಹಾಕೋ ಅರ್ಜಿ ಸಿಎಫ್83.

ಹಿಂಗೆ ಕಟ್ಟೋ ವಂತಿಗೆಯಲ್ಲಿ ಎರಡು ಬಗೆ. ಅಲ್ಲಿ ಕೆಲಸ ಬಿಟ್ಟು ನೇರ ಬಂದು, ಇಲ್ಲೂ ದುಡೀತಿದ್ರೆ ಕ್ಲಾಸ್ 2. ಇಲ್ಲಾಂದ್ರೆ ಕ್ಲಾಸ್ 3. 2025-26ರ ದರ ವಾರಕ್ಕೆ ಕ್ಲಾಸ್ 2ಕ್ಕೆ 3.50 ಪೌಂಡ್, ಕ್ಲಾಸ್ 3ಕ್ಕೆ 17.75. ಸಿಗೋ ಪೆನ್ಷನ್ ಮಾತ್ರ ಒಂದೇ! ಸುಮ್ನೆ ಕ್ಲಾಸ್ 3 ಕಟ್ಟಿ ಕೂತೋರು ಬಹಳ ಜನ.

2026 ಏಪ್ರಿಲ್ 6ರಿಂದ ಮುಂದಿನ ಅವಧಿಗೆ ಆ ಅಗ್ಗದ ಕ್ಲಾಸ್ 2 ದಾರಿ ಇಲ್ಲ. ಹೊಸದಾಗಿ ಕ್ಲಾಸ್ 3ಕ್ಕೆ ಅರ್ಜಿ ಹಾಕೋರು ಅಲ್ಲಿ ಸತತ 10 ವರ್ಷ ಇದ್ದಿರಬೇಕು, ಇಲ್ಲಾ 10 ವರ್ಷದ ವಂತಿಗೆ ಕಟ್ಟಿರಬೇಕು. ಅದಕ್ಕೂ ಹಿಂದಿನ ವರ್ಷಗಳಿಗೆ ಹಳೇ ನಿಯಮ: ಅಲ್ಲಿ ಸತತ ಮೂರು ವರ್ಷ ಇದ್ದಿದ್ರೆ, ಇಲ್ಲಾ ಮೂರು ವರ್ಷದ ವಂತಿಗೆ ಕಟ್ಟಿದ್ರೆ ಸಾಕು. ಅದಕ್ಕೇ ಯಜಮಾನ್ರೇ, ತಡ ಮಾಡಬ್ಯಾಡ್ರಿ.

ಮೊದಲು ಎನ್ಐ ದಾಖಲೆ ನೋಡಿ. ಕೆಲವು ವರ್ಷ ತುಂಬಿದ್ರೂ ಪೆನ್ಷನ್ ಏರಲ್ಲ.

ಹಣ ಕಳಿಸುವಾಗ ಅಲ್ಲಿನ ತೆರಿಗೆ ಇಲಾಖೆ ಕೊಡೋ 18 ಅಂಕಿಯ ರೆಫರೆನ್ಸ್ ನಂಬರ್ ಹಾಕಲೇಬೇಕು. ಒಂದಂಕಿ ತಪ್ಪಿದ್ರೂ ದುಡ್ಡು ಯಾರ ಖಾತೆಗೆ, ಯಾವ ವರ್ಷಕ್ಕೆ ಅಂತ ಗೊತ್ತಾಗದೆ ನೇತಾಡುತ್ತೆ.

ಇನ್ನೊಂದು. ಇಂಡಿಯಾದಲ್ಲಿ ಕೂತು ತಗೊಂಡ್ರೆ ಆ ಪೆನ್ಷನ್ ವರ್ಷವರ್ಷ ಏರಲ್ಲ, ಶುರುವಾದ ಮೊತ್ತಕ್ಕೇ ನಿಂತಿರುತ್ತೆ. ದೋಸೆ ರೇಟು ಹಂಗಲ್ಲ ನೋಡ್ರಿ.