ಬಂದ್ ಮಾಡಿದ ಮೇಲೂ ಹೊಡೆಯುವ ಫಿರಂಗಿ: ಮೈಸೂರು ಹಡಗಿನ ಲಾಗ್, ಭಾಗ 7

ಮೊನ್ನೆ ರವಿವಾರ ಸಂಜೆ ಐದೂವರೆಗೆ ನನ್ನ ರಿಮೋಟ್ ಮಾದರಿ ಹಡಗು ಐಎನ್‌ಎಸ್ ಮೈಸೂರು ತನ್ನ ಬ್ರಿಡ್ಜಿಗೆ, ಅಂದರೆ ಹಡಗು ನಡೆಸುವ ಕೋಣೆಗೆ, ತಾನೇ ನೀರು ಹೊಡೆದುಕೊಳ್ಳುವುದನ್ನು ನಿಲ್ಲಿಸಿತು. ಅದಕ್ಕೆ ಏಳು ವಾರ ಹಿಡಿಯಿತು. ಕುಷ್ಟಗಿ ಹತ್ತಿರ ಸೋದರಮಾವನ ದಾಳಿಂಬೆ ತೋಟ ಇದೆ. ಅಲ್ಲಿನ ಕೃಷಿ ಹೊಂಡವೇ ನಮ್ಮ ಅರಬ್ಬಿ ಸಮುದ್ರ. ನಾನೂ ತಮ್ಮನೂ ದಂಡೆ ಮೇಲೆ ಕುಣಿಯುತ್ತಿದ್ದರೆ ಮಾವ ಎಲೆಗೆ ಸುಣ್ಣ ಹಚ್ಚುತ್ತಾ, "ಇಷ್ಟಕ್ಕ ಏಳು ವಾರ ಬೇಕಾತೇನೋ ಅಳಿಯಾ?" ಅಂದರು.

ಹಲ್, ಫೈಬರ್, ಶಾಫ್ಟ್ ಎಲ್ಲ ಹಿಂದಿನ ಭಾಗಗಳಲ್ಲಿ ಬರೆದಾಗಿದೆ, ಮತ್ತೆ ಬೇಡ. ಹೊಸಬರಿಗೆ ಇಷ್ಟು ಸಾಕು: ಅಳತೆ 1:144, ಉದ್ದ 118 ಸೆಂ.ಮೀ. ನಿಜವಾದ ಹಡಗು 169 ಮೀಟರ್. ಬ್ರಿಟಿಷರ ಹತ್ತಿರ ನೈಜೀರಿಯಾ ಅಂತ ಹೆಸರಿತ್ತು. 1957ರಲ್ಲಿ ನಮ್ಮ ನೌಕಾಪಡೆಗೆ ಬಂದು ಮೈಸೂರು ಆಯಿತು, 1985ರವರೆಗೆ ಸೇವೆ ಮಾಡಿತು. ಮೂರು ಟರೆಟ್ (ಫಿರಂಗಿ ಹೊತ್ತು ತಿರುಗುವ ಗೋಪುರ), ಒಂದೊಂದರಲ್ಲಿ ಮೂರು, ಒಟ್ಟು ಒಂಬತ್ತು ಆರಿಂಚಿನ ಫಿರಂಗಿ. ಕೊಪ್ಪಳದಲ್ಲಿ ಮೋಟಾರ್ ರಿವೈಂಡಿಂಗ್ ಮಾಡುವವನಿಗೆ ಯುದ್ಧನೌಕೆ ಯಾಕೆ ಅಂತ ಕೇಳುವವರಿಗೆ ನನ್ನ ಉತ್ತರ ಒಂದೇ. ಹೆಸರು ಮೈಸೂರು, ಲಾಂಛನ ಗಂಡಭೇರುಂಡ. ಇನ್ನೇನು ಬೇಕು?

ಫಿರಂಗಿಯಿಂದ ಬರುವುದು ಬರೀ ನೀರು. ಕಾರಿನ ಗಾಜು ತೊಳೆಯುವ ಪಂಪು, ನಾಲ್ಕು ಮೀಟರ್ ದೂರ ಚಿಮ್ಮುತ್ತದೆ. "ಛರ್ರೆ ಹಾಕಣ್ಣಾ, ಮಜಾ ಬರ್ತೈತಿ" ಅಂತ ತಮ್ಮನ ಒತ್ತಾಯ ಇತ್ತು. ಛರ್ರೆ ಅಂದರೆ ಸಣ್ಣ ಗುಂಡು. ನಾನು ಒಪ್ಪಲಿಲ್ಲ. ಚಪ್ಪಟೆ ಕಲ್ಲು ಬೀಸಿದರೆ ಕೆರೆ ನೀರಿನ ಮೇಲೆ ಜಿಗಿಜಿಗಿದು ಹೋಗುತ್ತದಲ್ಲ, ಛರ್ರೆಯೂ ಹಾಗೇ ಪುಟಿಯುತ್ತದೆ. ಸಮುದ್ರದಲ್ಲಿ ನಿಜವಾದ ಗುಂಡೂ ಅಷ್ಟೇ. ಕಡಿಮೆ ಕೋನದಲ್ಲಿ ಹೊಡೆದರೆ ನೀರಿಗೆ ಬಡಿದು ಮತ್ತೆ ಏಳುತ್ತದೆ, ಅದೂ ನೇರ ಹೋಗುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಅದಕ್ಕೇ ತರಬೇತಿಗೆ ಖಾಲಿ ಮಾಡಿಸುವ ಜಾಗ ಗುರಿಯ ಹತ್ತಿರಕ್ಕೆ ಮುಗಿಯುವುದಿಲ್ಲ. ಅದರ ಹಿಂದೆ, ಎಡಕ್ಕೆ, ಬಲಕ್ಕೆ ಬಹಳ ದೂರ ಚಾಚಿರುತ್ತದೆ.

ನೀರಿನ ಪಿಚಕಾರಿಯೇ ಆದರೂ ಪದ್ಧತಿ ನೌಕಾಪಡೆಯದೇ ಇರಲಿ ಅನ್ನುವುದು ನನ್ನ ಹುಚ್ಚು. ಅಲ್ಲಿ ಮೊದಲೇ ಸುತ್ತಲಿನ ಹಡಗುಗಳಿಗೆ, ಮೀನುಗಾರರಿಗೆ ಎಚ್ಚರಿಕೆ ಹೋಗುತ್ತದೆ. ಮದ್ದಿಲ್ಲದೆ ಪೂರ್ತಿ ಡ್ರಿಲ್ ಮಾಡುತ್ತಾರೆ. ಕೆಂಪು ಬಾವುಟ ಏರುತ್ತದೆ. ಗುರಿಯನ್ನು ಇನ್ನೊಂದು ಹಡಗು ಉದ್ದ ಹಗ್ಗ ಕಟ್ಟಿ ಎಳೆಯುತ್ತದೆ. ರೇಂಜ್ ಖಾಲಿ ಇದೆ ಅಂತ ಸುರಕ್ಷತಾ ಅಧಿಕಾರಿ ಹೇಳುವವರೆಗೂ ಯಾರೂ ಹೊಡೆಯುವಂತಿಲ್ಲ. ನಿಲ್ಲಿಸಿ ಅಂತ ಕೂಗುವ ಹಕ್ಕು ಮಾತ್ರ ಅಪಾಯ ಕಂಡ ಯಾರಿಗಾದರೂ ಇದೆ. ನಮ್ಮಲ್ಲಿ ಎಚ್ಚರಿಕೆ ಅಂದರೆ ಮಾವನಿಗೆ ಫೋನ್ ಮಾಡುವುದು. ಬಾವುಟ ಅಂದರೆ ಅವರ ಹಳೇ ಕೆಂಪು ಟವೆಲ್. ತಮ್ಮನ ಚಿಕ್ಕ ದೋಣಿ ಮೂರು ಮೀಟರ್ ಹಗ್ಗದಲ್ಲಿ ಥರ್ಮೋಕೋಲ್ ಗುರಿ ಎಳೆಯುತ್ತದೆ. ಒಂದು ವಿಷಯದಲ್ಲಿ ಮಾತ್ರ ತಮಾಷೆ ಇಲ್ಲ. ಹೊಂಡದ ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿ ಜಾರುತ್ತದೆ, ಬಿದ್ದವರು ಹತ್ತಿ ಬರಲಾರರು. ಟ್ರಾಕ್ಟರ್ ಟ್ಯೂಬು, ಗಂಟು ಹಾಕಿದ ಹಗ್ಗ ಇಲ್ಲದೆ ನಾನು ಬ್ಯಾಟರಿ ಕನೆಕ್ಟ್ ಮಾಡುವುದೇ ಇಲ್ಲ. ಚಿಕ್ಕ ಮಕ್ಕಳಿಗೆ ತಂತಿ ಬೇಲಿಯ ಹೊರಗೇ ಜಾಗ.

ಈಗ ಕಾಟ ಕೊಟ್ಟ ವಿಷಯ. ಮುಂದಿನಿಂದ ಎರಡನೆಯದಾದ ಬಿ ಟರೆಟ್‌ನ ಹಿಂದೆಯೇ ಬ್ರಿಡ್ಜ್ ಇದೆ. ಟರೆಟ್ ಹಿಂದಕ್ಕೆ ತಿರುಗುತ್ತಾ ಹೋದರೆ ಒಂದು ಕೋನದ ನಂತರ ನಮ್ಮ ಫಿರಂಗಿ ನಮ್ಮ ಹಡಗಿನ ಮೇಲೇ. ನಿಜವಾದ ಹಡಗುಗಳಲ್ಲಿ ಇದಕ್ಕೆ ಕಟ್‌ಔಟ್ ಇರುತ್ತದೆ. ಆ ಕೋನ ಬಂತೆಂದರೆ ಫೈರಿಂಗ್ ಸರ್ಕ್ಯೂಟ್ ತಾನೇ ಕಡಿಯುತ್ತದೆ, ಬಟನ್ ಎಷ್ಟು ಒತ್ತಿದರೂ ಅಷ್ಟೇ. ನಾನೂ ಹಾಗೇ ಮಾಡಿದೆ. ಟರೆಟ್ ಕೆಳಗೆ ಅಕ್ರಿಲಿಕ್ ಕ್ಯಾಮ್ (ಅಂಚಿನಲ್ಲಿ ಉಬ್ಬು ಇರುವ ಬಿಲ್ಲೆ), ಪಕ್ಕದಲ್ಲಿ ಆ ಉಬ್ಬು ತಾಗಿದರೆ ಕಡಿಯುವ ಲಿಮಿಟ್ ಸ್ವಿಚ್, ಬ್ರಿಡ್ಜಿಗೆ 5 ಡಿಗ್ರಿ ಮೊದಲೇ ಪಂಪು ಬಂದ್. ಅಂಗಡಿಯ ಟೇಬಲ್ ಮೇಲೆ ಪಂಪಿನ ಬದಲು ಎಲ್‌ಇಡಿ ಹಚ್ಚಿ ನೋಡಿದೆ. ನೂರು ಸಲ ತಿರುಗಿಸಿದರೂ ನೂರು ಸಲವೂ ಸರಿಯಾಗಿ ಆರಿತು.

ಹೊಂಡಕ್ಕೆ ಬಿಟ್ಟರೆ ಬ್ರಿಡ್ಜಿಗೆ ಅಭಿಷೇಕ! ಮೊದಲ ದಿನವೇ ಒಳಗೆ ನೀರು ಇಳಿದು ರೇಡಿಯೋ ರಿಸೀವರ್ ಸತ್ತಿತು.

ಮೊದಲು ಬೈದದ್ದು ಸ್ವಿಚ್ಚನ್ನು. ಆನ್‌ಲೈನ್‌ನಲ್ಲಿ ಹತ್ತು ತರಿಸಿದೆ, ನಾಲ್ಕು ಡಬ್ಬಿಯಲ್ಲೇ ಸತ್ತಿದ್ದವು. ಆಮೇಲೆ ಪಂಪಿನ ಕರೆಂಟಿನ ನಾಯ್ಸ್ ಅಂದುಕೊಂಡು ಬ್ರಷ್‌ಗಳಿಗೆ ಕೆಪಾಸಿಟರ್ ಬೆಸೆದೆ. ಆಮೇಲೆ ಪಂಪನ್ನೇ ಬದಲಿಸಲು ಹೋದೆ. 12 ವೋಲ್ಟ್ ಅಂತ ಸ್ಟಿಕರ್ ಇದ್ದ ಪಂಪು ಬಂತು. ಸ್ಟಿಕರ್ ಕಿತ್ತರೆ ಕೆಳಗೆ ಇನ್ನೊಂದು ಸ್ಟಿಕರ್, ಅದರಲ್ಲಿ 6 ವೋಲ್ಟ್! ವಾಪಸ್ ತಗೊಳ್ಳಿ ಅಂದರೆ "ಸ್ಟಿಕರ್ ಕಿತ್ತಿದ್ದೀರಿ" ಅನ್ನುತ್ತಾರೆ. ಊರಿನ ಅಂಗಡಿಯವರದು ಬೇರೆ ಕಥೆ. ಸಿಲಿಕಾನ್ ಪೈಪ್ "ನಾಳಿ ಬರ್ತೈತ್ರಿ" ಅಂತ ಹೇಳಿ ತಿಂಗಳಾಯಿತು. ಆ ನಾಳೆ ಇನ್ನೂ ಬಂದಿಲ್ಲ.

ಐದನೇ ವಾರ ಬೇಸತ್ತು ಬ್ಯಾಟರಿ ಕಿತ್ತು ದಂಡೆ ಮೇಲೆ ಕೂತಿದ್ದೆ. ಮಾವ ಆಗಷ್ಟೇ ಡ್ರಿಪ್ ಮೋಟಾರ್ ಬಂದ್ ಮಾಡಿ ಬಂದಿದ್ದರು. ನನ್ನ ಗೋಳು ಕೇಳಿ ನಕ್ಕರು. "ಮೋಟಾರ್ ಬಂದ್ ಮಾಡಿದ್ರ ಪೈಪಿನ್ಯಾಗಿನ ನೀರು ಎಲ್ಲಿಗೆ ಹೋಗಬೇಕಲೇ? ಅಲ್ಲಿ ನೋಡು, ಗಿಡದ ಬುಡಕ್ಕ ಇನ್ನಾ ತೊಟ್ಟಿಕ್ಕಾಕತ್ತೈತಿ."

ತಲೆಗೆ ಗುಂಯ್ ಅಂತು. ಅವತ್ತೇ ಫೋನಿನ ಸ್ಲೋ ಮೋಷನ್‌ನಲ್ಲಿ ಹಿಡಿದೆವು, ಸೆಕೆಂಡಿಗೆ 240 ಫ್ರೇಮ್. ಸ್ವಿಚ್ ಕಡಿದ ಕೂಡಲೇ ಆರುವ ಕೆಂಪು ಎಲ್‌ಇಡಿಯೂ ಫ್ರೇಮಿನಲ್ಲೇ ಕಾಣುವಂತೆ ಇಟ್ಟೆ. ದೀಪ ಆರಿದ ಮೇಲೆ ಒಂದೊಂದೇ ಫ್ರೇಮ್ ಎಣಿಸುತ್ತಾ ಹೋದರೆ, 96ನೇ ಫ್ರೇಮಿನವರೆಗೂ ನಳಿಗೆಯಿಂದ ನೀರು! ಅಂದರೆ 0.4 ಸೆಕೆಂಡ್. ಮೆತ್ತನೆಯ 40 ಸೆಂ.ಮೀ. ಪೈಪು ಒತ್ತಡಕ್ಕೆ ಉಬ್ಬಿರುತ್ತದೆ, ಪಂಪು ನಿಂತ ಮೇಲೆ ಕುಗ್ಗುತ್ತಾ ಒಳಗಿನದನ್ನೆಲ್ಲ ಹೊರಗೆ ತಳ್ಳುತ್ತದೆ. ಪಂಪಿನ ಚಕ್ರವೂ ತಕ್ಷಣ ನಿಲ್ಲುವುದಿಲ್ಲ. ಅಷ್ಟರಲ್ಲಿ ಟರೆಟ್ ಸೆಕೆಂಡಿಗೆ 40 ಡಿಗ್ರಿಯಂತೆ 16 ಡಿಗ್ರಿ ತಿರುಗಿರುತ್ತದೆ. ನಾನು ಬಿಟ್ಟಿದ್ದು 5. ಎಲ್‌ಇಡಿಗೆ ಉಬ್ಬುವ ಪೈಪು ಎಲ್ಲಿಂದ ಬರಬೇಕು?

ಸ್ವಿಚ್ ನಿಂತಿತು ಅನ್ನುವುದು ಬೇರೆ, ಫಿರಂಗಿ ನಿಂತಿತು ಅನ್ನುವುದು ಬೇರೆ. ಇದರಲ್ಲಿ ಜೀವ ಹೋದದ್ದೂ ಇದೆ. 1879ರ ಜನವರಿ 2ರಂದು ಮರ್ಮರಾ ಸಮುದ್ರದಲ್ಲಿ ಬ್ರಿಟಿಷರ ಥಂಡರರ್ ಹಡಗು ಫಿರಂಗಿ ಅಭ್ಯಾಸ ಮಾಡುತ್ತಿತ್ತು. ಒಂದೇ ಟರೆಟ್‌ನ ಎರಡೂ 12 ಇಂಚಿನ ಫಿರಂಗಿಗಳನ್ನು ಒಟ್ಟಿಗೇ ಹೊಡೆದರು. ಒಂದು ಹತ್ತಲೇ ಇಲ್ಲ. ಇನ್ನೊಂದರ ಸದ್ದಿನಲ್ಲಿ ಅದು ಯಾರಿಗೂ ಗೊತ್ತಾಗಲಿಲ್ಲ. ಬಾಯಿಯಿಂದ ಮದ್ದು ತುಂಬುವ ಕಾಲ ಅದು. ಒಳಗಿದ್ದ ಮದ್ದು, ಗುಂಡಿನ ಮೇಲೆ ಇನ್ನೊಂದು ಸಲ ತುಂಬಿ ಹೊಡೆದರು. ಫಿರಂಗಿ ಸಿಡಿದು 11 ಜನ ಸತ್ತರು. ಆಮೇಲೆ ಬ್ರಿಟಿಷ್ ನೌಕಾಪಡೆ ಹಿಂದಿನಿಂದ ತುಂಬುವ ಫಿರಂಗಿಗೆ ಮರಳಿತು. ಹಿಂದಿನಿಂದ ಬಾಗಿಲು ತೆರೆದರೆ ನಳಿಗೆ ಖಾಲಿಯೋ ಅಲ್ಲವೋ ಕಣ್ಣಿಗೇ ಕಾಣುತ್ತದಲ್ವಾ.

ನನ್ನ ಪರಿಹಾರ ಮಾವನ ಡ್ರಿಪ್‌ನಿಂದಲೇ ಬಂತು. ವಾಲ್ವ್ ಇರಬೇಕಾದ್ದು ಪಂಪಿನ ಹತ್ತಿರ ಅಲ್ಲ, ನಳಿಗೆಯ ಬುಡದಲ್ಲಿ. ಮಾರುಕಟ್ಟೆಯ ಸೊಲೆನಾಯ್ಡ್ ವಾಲ್ವ್ (ಕಾಯಿಲ್‌ಗೆ ಕರೆಂಟ್ ಕೊಟ್ಟರೆ ತೆರೆಯುವಂಥದ್ದು) ಟರೆಟ್‌ಗಿಂತ ದಪ್ಪ. ಆದರೆ ನಾನು ತಿನ್ನುವ ಅನ್ನವೇ ಕಾಯಿಲ್ ಸುತ್ತಿ ಬಂದದ್ದು! ಪೈಪನ್ನು ಒಂದು ಸೀಳಿನಲ್ಲಿ ತೂರಿಸಿ, ಸ್ಪ್ರಿಂಗ್ ಅದನ್ನು ಸದಾ ಹಿಂಡಿ ಹಿಡಿದಿರುವಂತೆ ಮಾಡಿದೆ. ಕಾಯಿಲ್‌ಗೆ ಕರೆಂಟ್ ಬಂದಾಗ ಮಾತ್ರ ಹಿಡಿತ ಬಿಡುತ್ತದೆ. ರೇಡಿಯೋ ಹೋದರೂ, ಬ್ಯಾಟರಿ ಸತ್ತರೂ, ತಂತಿ ಕಿತ್ತರೂ ಬಾಯಿ ಮುಚ್ಚಿಯೇ ಇರುತ್ತದೆ.

ಮೊದಲು ಬಾಲ್‌ಪೆನ್ ಸ್ಪ್ರಿಂಗ್ ಹಾಕಿದೆ, ಸೋರಿತು. ಮಿಕ್ಸಿಯ ಕಾರ್ಬನ್ ಬ್ರಷ್ ಸ್ಪ್ರಿಂಗ್ ಸರಿಹೋಯಿತು. ಮೊದಲ ಕಾಯಿಲ್ 30 ಗೇಜ್ ತಂತಿಯಲ್ಲಿ 500 ಸುತ್ತು. ಎರಡು ಆಂಪಿಯರ್ ದಾಟಿ ಎಳೆಯಿತು, ನಿಮಿಷದೊಳಗೆ ವಾರ್ನಿಷ್ ಸುಟ್ಟ ವಾಸನೆ. ಆ ವಾಸನೆಗೆ ಅಂಗಡಿಗೆ ಬಂದ ಗಿರಾಕಿ, "ಅದು ನಮ್ಮ ಮೋಟಾರಲ್ಲ ಹೌದಲ್ರಿ?" ಅಂತ ಗಾಬರಿಯಾದರು. ಎರಡನೆಯದು 34 ಗೇಜ್, 800 ಸುತ್ತು, 16 ಓಮ್. ಎಳೆಯುವಾಗ ಪೂರ್ತಿ ವೋಲ್ಟ್, ಹಿಡಿದಿಡಲು ಮೂರನೇ ಒಂದು. ಬೆರಳಿಟ್ಟರೆ ಬೆಚ್ಚಗೆ, ಅಷ್ಟೇ. ಮತ್ತೆ ವಿಡಿಯೋ ಮಾಡಿದೆ, 12 ಫ್ರೇಮ್. 2 ಡಿಗ್ರಿ. 5 ಡಿಗ್ರಿಯ ಒಳಗೇ ಇದೆ, ಆದರೂ ಕ್ಯಾಮ್ ಅರೆದು 8 ಮಾಡಿದೆ. ಲಿಮಿಟ್ ಸ್ವಿಚ್ ಈಗ ಪಂಪನ್ನೂ ಕಾಯಿಲನ್ನೂ ಎರಡನ್ನೂ ಕಡಿಯುತ್ತದೆ.

ಮುಂದಿನ ಪ್ಲಾನ್ ಎರಡು. ಒಂದು, ಕೋನ ತಪ್ಪಿಸಿ ಹೊಡೆಯುವುದು. ನೌಕಾಪಡೆಗಳಲ್ಲಿ ಇದು ಹಳೇ ಪದ್ಧತಿ. ಗುರಿ ಹಿಡಿಯುವುದು ಜೊತೆಯ ಹಡಗನ್ನೇ, ಫಿರಂಗಿ ಮಾತ್ರ ಲೆಕ್ಕ ಹಾಕಿದಷ್ಟು ಪಕ್ಕಕ್ಕೆ ತಿರುಗಿರುತ್ತದೆ. ಗುಂಡು ಎಷ್ಟು ದೂರದಲ್ಲಿ ಬಿತ್ತು ನೋಡಿ ನಾಟಿತೋ ತಪ್ಪಿತೋ ಹೇಳುತ್ತಾರೆ. ನಾನು 15 ಡಿಗ್ರಿ ಇಡುತ್ತೇನೆ. ನಾಲ್ಕು ಮೀಟರಿಗೆ ಒಂದು ಮೀಟರ್ ಆಚೆ ಬೀಳುತ್ತದೆ. ತಮ್ಮ ಈಗಲೇ ತನ್ನ ದೋಣಿಗೆ ಪ್ಲಾಸ್ಟಿಕ್ ಹೊದಿಸುತ್ತಿದ್ದಾನೆ. ನನ್ನ ಮೇಲೆ ಅಷ್ಟು ನಂಬಿಕೆ.

ಎರಡನೆಯದು ರಿಮೋಟ್ ಹರಿಗೋಲು. ನಗಬೇಡಿ. ಗುರಿ ಎಳೆಯಲು ಆನೆಗೊಂದಿಯ ಹರಿಗೋಲಿನಂಥ ದುಂಡು ದೋಣಿ, ಅಂಚಿನಲ್ಲಿ ಎರಡು ಮೋಟಾರ್, ನಡುವೆ ಜೈರೋ (ದೋಣಿ ತಿರುಗಿದ್ದನ್ನು ಹಿಡಿಯುವ ಸೆನ್ಸರ್). ಮುಂದೆ ಯಾವುದು ಹಿಂದೆ ಯಾವುದು ಅಂತಲೇ ಇಲ್ಲದ ದೋಣಿಯನ್ನು ನೆಟ್ಟಗೆ ಓಡಿಸುವುದು ಹೇಗೆ? ಬಿದಿರು ಹೆಣೆಯುವವರೊಬ್ಬರನ್ನು ಈಗಾಗಲೇ ಕೇಳಿದ್ದೇನೆ. "ಇಷ್ಟ ಸಣ್ಣದ್ರಾಗ ಯಾರ ಕೂಡತಾರ್ರಿ?" ಅಂದರು.

ರವಿವಾರದ ಲೆಕ್ಕ: 20 ಹೊಡೆತ, 7 ನಾಟಿದವು. 1899ರಲ್ಲಿ ಪರ್ಸಿ ಸ್ಕಾಟ್ ಅನ್ನುವ ಕ್ಯಾಪ್ಟನ್ ತನ್ನ ಸ್ಕಿಲ್ಲಾ ಹಡಗಿನ ಹುಡುಗರಿಂದ 70ಕ್ಕೆ 56 ಹೊಡೆಸಿ ಇಡೀ ನೌಕಾಪಡೆಯ ಬಾಯಿ ಮುಚ್ಚಿಸಿದ್ದ. ನಮಗೆ ಇನ್ನೂ ದೂರ ಇದೆ. 21ನೆಯದು ಹೊಡೆಯುವ ಹೊತ್ತಿಗೆ ಮಾವ ಕೊಡ ಹಿಡಿದು ಸೀದಾ ರೇಂಜಿನ ನಡುವೆ ಇಳಿದರು. ಔಷಧಿ ಹೊಡೆಯಲು ನೀರು ಬೇಕಂತೆ. ತಮ್ಮ "ನಿಲ್ಸಣ್ಣಾ, ನಿಲ್ಸು!" ಅಂತ ಕೂಗಿದ. ನಾನು ಬಟನ್ ಬಿಟ್ಟೆ. ಈ ಸಲ ನೀರು ಅಲ್ಲೇ ನಿಂತಿತು. ಮಾವ ಕೊಡ ತುಂಬಿಸಿ, ಬೇಲಿ ಮೇಲಿದ್ದ ಕೆಂಪು ಟವೆಲ್ ತೆಗೆದು ಕೈ ಒರೆಸಿಕೊಂಡು, ಅದನ್ನು ಹೆಗಲಿಗೆ ಹಾಕಿಕೊಂಡು ಹೋದರು.