ನಾಲ್ಕು ಗೂಟ, ಒಂದಿಷ್ಟು ದಾರ ಮತ್ತು ಗೋಮಾಳದ ಪಾಠ

ಜಗಳೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಜೀವವಿಜ್ಞಾನ ಕಲಿಸುವ ನಾನು, ಪರಿಸರ ವ್ಯವಸ್ಥೆಯ ಪಾಠವನ್ನು ಕೆಲವು ವರ್ಷಗಳಿಂದ ಶಾಲೆಯ ಹಿಂದಿನ ಗೋಮಾಳದಲ್ಲಿಯೇ ಆರಂಭಿಸುತ್ತಿದ್ದೇನೆ. ನಾಲ್ಕು ಗೂಟ ನೆಟ್ಟು, ಸೆಣಬಿನ ದಾರದಿಂದ ಒಂದು ಮೀಟರ್ ಅಳತೆಯ ಚೌಕ ಕಟ್ಟಿ, ಅದರೊಳಗಿನ ಗಿಡ, ಹುಳುಗಳನ್ನು ಮಕ್ಕಳು ಎಣಿಸಿ ಬರೆಯಬೇಕು. ನಾಲ್ಕು ಬಾಹುಗಳು ಸಮವಾಗಿದ್ದರೂ ಚೌಕವು ಓರೆಯಾಗಿಬಿಡುವುದರಿಂದ, ಎರಡೂ ಕರ್ಣಗಳು ಸುಮಾರು 141 ಸೆಂ.ಮೀ. ಬರುವವರೆಗೆ ಗೂಟಗಳನ್ನು ಸರಿಸಬೇಕಾಗುತ್ತದೆ. ಇದರಿಂದ ನನಗಿಂತ ಹೆಚ್ಚು ಸಂತೋಷಪಟ್ಟವರು ನಮ್ಮ ಗಣಿತದ ಮೇಷ್ಟ್ರು.

ಮೊದಲ ವರ್ಷ, ಕೋಷ್ಟಕ ತುಂಬಿಕೊಂಡು ಚೆನ್ನಾಗಿ ಕಾಣಲೆಂಬ ಆಸೆಯಿಂದ, ಎಲ್ಲಿ ಚೌಕ ಕಟ್ಟಬೇಕೆಂಬುದನ್ನು ನಾನೇ ತೋರಿಸಿದೆ. ಎಲ್ಲ ಗುಂಪುಗಳ ಪಟ್ಟಿಯೂ ಹೆಚ್ಚುಕಡಿಮೆ ಒಂದೇ ಆಗಿತ್ತು. ನನಗೆ ಅದು ಯಶಸ್ಸೆಂದೇ ತೋರಿತ್ತು. ಬೆಳಿಗ್ಗೆ ಕುರಿ ಹೊಡೆದುಕೊಂಡು ಹೋಗಿ ಬಂದು ತರಗತಿಗೆ ಕೂರುವ ಹುಡುಗನೊಬ್ಬ, "ಸರ್, ಹಸಿರಿರೋ ಕಡೆಗೇ ಗೂಟ ಹೊಡೆಸಿದ್ರಲ್ಲ, ಕುರಿ ಮೇಯೋ ಜಾಗ ನಾವು ನೋಡ್ಲೇ ಇಲ್ಲ" ಎಂದ. ಅವನ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಆಮೇಲೆ ಚೀಟಿ ಎತ್ತುವ ಪದ್ಧತಿ ಬಂತು. ಗೋಮಾಳದ ಮೂಲೆಯಿಂದ ಅಂಚಿನುದ್ದಕ್ಕೆ ಎಷ್ಟು ಹೆಜ್ಜೆ, ಅಲ್ಲಿಂದ ಒಳಕ್ಕೆ ಎಷ್ಟು ಹೆಜ್ಜೆ ಎಂಬುದನ್ನು ಎರಡು ಚೀಟಿಗಳು ನಿರ್ಧರಿಸುತ್ತವೆ. ಅಲ್ಲಿ ಬರೀ ಕಲ್ಲುನೆಲ ಸಿಕ್ಕರೂ ಚೌಕವನ್ನು ಕದಲಿಸುವಂತಿಲ್ಲ. ಹೀಗೆ ಮಾಡಿದಾಗ, ದನಕುರಿ ನುಗ್ಗದ ಬೇಲಿಯೊಳಗೆ ಮೊಣಕಾಲೆತ್ತರದ ಹುಲ್ಲಿದ್ದರೆ, ಹೊರಗೆ ನೆಲಕ್ಕಂಟಿದ ಗರಿಕೆ, ನೆಗ್ಗಿಲು ಮತ್ತು ದನಕರುಗಳು ಮುಟ್ಟದ ತಂಗಡಿ ಉಳಿದಿರುವುದು ಕಂಡಿತು. ಮೇಯುವ ಬಾಯಿಯೇ ಸಸ್ಯಗಳನ್ನು ಆರಿಸುತ್ತದೆ ಎಂಬುದನ್ನು ಆ ಹುಡುಗ ನನಗಿಂತ ಚೆನ್ನಾಗಿ ವಿವರಿಸಿದ.

ತೊಡಕು ಬಂದದ್ದು ಗರಿಕೆಯಲ್ಲಿ. ಹಬ್ಬಿ, ಗೆಣ್ಣುಗೆಣ್ಣಿಗೂ ಬೇರು ಬಿಡುವ ಈ ಹುಲ್ಲಿನಲ್ಲಿ ಒಂದು ಗಿಡ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂದು ಮಕ್ಕಳು ಜಗಳಕ್ಕೇ ನಿಂತರು. ಆದ್ದರಿಂದ ಎಣಿಕೆಯನ್ನು ಕೈಬಿಟ್ಟು, 10 ಸೆಂ.ಮೀ.ಗೊಂದರಂತೆ ಅಡ್ಡ, ಉದ್ದ ದಾರ ಕಟ್ಟಿ 100 ಮನೆಗಳನ್ನು ಮಾಡಿದೆವು. ಅರ್ಧಕ್ಕಿಂತ ಹೆಚ್ಚು ಗರಿಕೆ ತುಂಬಿದ ಮನೆಗಳನ್ನು ಲೆಕ್ಕ ಹಾಕಿದರೆ ಅದೇ ಸ್ಥೂಲವಾಗಿ ಶೇಕಡಾ ಹರವು.

ಕಾಂಗ್ರೆಸ್ ಗಿಡವೆಂದು ನಾವು ಕರೆಯುವ ಪಾರ್ಥೇನಿಯಂ ಅಮೆರಿಕ ಖಂಡದಿಂದ ಬಂದದ್ದು. ಕೆಲವರಿಗೆ ಅದು ಚರ್ಮದ ತುರಿಕೆ ತರುವುದರಿಂದ ಬರಿಗೈಯಲ್ಲಿ ಮುಟ್ಟಗೊಡುವುದಿಲ್ಲ. ಅದನ್ನು ತಿನ್ನಲೆಂದೇ 1980ರ ದಶಕದಲ್ಲಿ ಮೆಕ್ಸಿಕೊದಿಂದ ತರಿಸಿದ ಪಟ್ಟೆಯ ದುಂಬಿಯೊಂದಿದೆ. ಮಾರ್ಚ್‌ನಲ್ಲಿ ಹುಡುಕಿದ ಮಕ್ಕಳು ಅದರ ಹೆಸರಿನ ಮುಂದೆ "ಇಲ್ಲ" ಎಂದು ಬರೆದಿದ್ದರು. ಆಗಸ್ಟ್‌ನಲ್ಲಿ, ಮಳೆ ಬಿದ್ದ ಮೇಲೆ, ಅದೇ ಚೌಕದ ಎಲೆಗಳ ಮೇಲೆ ದುಂಬಿಗಳು ಕುಳಿತಿದ್ದವು. ಬೇಸಿಗೆಯನ್ನು ಅವು ಮಣ್ಣಿನೊಳಗೆ ಕಳೆಯುತ್ತವೆ. ಹಳೆಯ ಪುಟ ತೆಗೆಸಿ, "ಇಲ್ಲ" ಎಂಬುದನ್ನು ಹೊಡೆದುಹಾಕಿ "ಕಾಣಲಿಲ್ಲ" ಎಂದು ಬರೆಸಿದೆ.