ಹೆವಿ ಲೈಸೆನ್ಸ್ ಬಂತು, ಇನ್ನು ಯಾರ ಗಾಡಿ ಹತ್ತೋದು?

ಅಕ್ಕನ ಮಗನಿಗೆ ಹೋದ ವಾರ ಲಾರಿ ಓಡಿಸೋ ಹೆವಿ ಲೈಸೆನ್ಸ್ ಕೈಗೆ ಬಂತು. ಮಾರನೇ ದಿನವೇ ಫೋನ್. "ಮಾವ, ಮೂರು ಕಡೆ ಕರೀತಿದಾರೆ. ಒಬ್ಬರು ತಿಂಗಳಿಗೆ 18 ಸಾವಿರ, ಮೇಲೆ ದಾರಿ ಖರ್ಚಿಗೆ ಬತ್ತಾ ಅಂತಾರೆ. ಇನ್ನೊಬ್ಬರು ಟ್ರಿಪ್ ಲೆಕ್ಕ, ತಿಂಗಳಿಗೆ 35 ದಾಟುತ್ತೆ ಅಂತಾರೆ. ಮೂರನೆಯವರದು ಎರಡೇ ಗಾಡಿ, ಮನೆ ಮಗನ ಹಾಗೆ ನೋಡ್ಕೋತೀವಿ ಅಂದ್ರು. ಯಾವುದಕ್ಕೆ ಹೋಗ್ಲಿ?" ಅರ್ಧ ಗಂಟೆ ಮಾತಾಡಿದೆ. ಅವನು ಹೂಂ ಹೂಂ ಅಂದ. ಕೇಳಿಸಿಕೊಂಡನೋ, 35 ಸಾವಿರದ ಕನಸು ಕಾಣುತ್ತಿದ್ದನೋ ಗೊತ್ತಿಲ್ಲ. ಅದಕ್ಕೇ ಬರೆದು ಇಡುತ್ತಿದ್ದೇನೆ, ಅವನಂಥ ಹುಡುಗರು ಇನ್ನೂ ಇದ್ದಾರಲ್ವಾ.

ಎಷ್ಟು ಕೊಡುತ್ತಾರೆ ಅನ್ನೋದನ್ನು ಆಮೇಲೆ ಕೇಳು, ಯಾವ ಲೆಕ್ಕದಲ್ಲಿ ಕೊಡುತ್ತಾರೆ ಅನ್ನೋದನ್ನು ಮೊದಲು ಕೇಳು. ನೀನು ರಾತ್ರಿ ಮಲಗ್ತೀಯೋ ಇಲ್ಲವೋ ಅನ್ನೋದು ಆ ಲೆಕ್ಕದ ಮೇಲೇ ನಿಂತಿರುತ್ತೆ.

ನಾನು ಶುರು ಮಾಡಿದ್ದು 2008ರಲ್ಲಿ, ಬಳ್ಳಾರಿ ಕಬ್ಬಿಣದ ಅದಿರಿನ ಕಾಲ. ಹೊಸಪೇಟೆ ಕಡೆ ತುಂಬಿಕೊಂಡು ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಅಂಕೋಲಾ ಹತ್ತಿರದ ಬೇಲೆಕೇರಿ ಬಂದರಿಗೆ ಸುರಿದು ಬರೋದು. ಪೂರ್ತಿ ಟ್ರಿಪ್ ಲೆಕ್ಕ. ಜಾಸ್ತಿ ಟ್ರಿಪ್ ಹೊಡೆದರೆ ಜಾಸ್ತಿ ದುಡ್ಡು, ಮಲಗಿದರೆ ಸೊನ್ನೆ. ಹತ್ತು ಚಕ್ರದ ಗಾಡಿಗೆ ಲೋಡು ಸೇರಿ ಒಟ್ಟು 25 ಟನ್ ಮಿತಿ ಇದ್ದ ಕಾಲ ಅದು. ನಾವು ಎಷ್ಟು ಹಾಕುತ್ತಿದ್ದೆವು ಅಂತ ಬರೆಯೋದು ಬೇಡ ಬಿಡಿ. ಒಂದು ಬೆಳಗಿನ ಜಾವ, ಮೂರನೇ ರಾತ್ರಿಯೂ ಸರಿಯಾಗಿ ನಿದ್ದೆ ಇಲ್ಲದೆ ಘಟ್ಟ ಇಳಿಯುತ್ತಿದ್ದಾಗ ಕಣ್ಣು ಮುಚ್ಚಿತು. ಕ್ಲೀನರ್ ಹುಡುಗ ಕೂಗದಿದ್ದರೆ ಇವತ್ತು ಇದನ್ನು ಬರೆಯುತ್ತಿರಲಿಲ್ಲ. ಗಾಡಿ ಎಡಗಡೆ ಗೋಡೆಗೆ ಉಜ್ಜಿಕೊಂಡು ಹೋಗಿ ನಿಂತಿತು. ಫೋನ್ ಮಾಡಿದರೆ ಓನರ್ ಮೊದಲು ಕೇಳಿದ್ದು ಲೋಡು ಸರಿಯಾಗಿದೆಯಾ ಅಂತ. ಬಂಪರು, ಬಾಗಿಲು, ಕನ್ನಡಿ ಎಲ್ಲದರ ಖರ್ಚೂ ನನ್ನ ಲೆಕ್ಕಕ್ಕೆ ಬಂತು. ಬಿಟ್ಟು ಹೋಗೋಣ ಅಂದರೆ ಒರಿಜಿನಲ್ ಲೈಸೆನ್ಸ್ ಅವರ ಬೀರುವಿನಲ್ಲಿತ್ತು, ಮೇಲೆ ಅಡ್ವಾನ್ಸ್ ಬೇರೆ ತೆಗೆದುಕೊಂಡಿದ್ದೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿದಾಗ ಟ್ರಿಪ್ಪೇ ಇಲ್ಲ. ಟ್ರಿಪ್ ಇಲ್ಲ ಅಂದ ಮೇಲೆ ಸಂಬಳ ಎಲ್ಲಿಂದ? ರಸ್ತೆ ಪಕ್ಕ ಸಾಲಾಗಿ ನಿಂತ ಗಾಡಿಗಳಲ್ಲಿ ನನ್ನದೂ ಒಂದು.

ಟ್ರಿಪ್ ಲೆಕ್ಕ ಕೆಟ್ಟದ್ದೇ ಅಂತ ನಾನು ಹೇಳುವುದಿಲ್ಲ. ಹತ್ತು ವರ್ಷ ಕೈ ಪಳಗಿದವನು ಎಲ್ಲಿ ನಿಲ್ಲಬೇಕು ಅಂತ ಗೊತ್ತಿದ್ದು ಓಡಿಸುತ್ತಾನೆ. ಹೊಸಬನಿಗೆ ಅದು ಗೊತ್ತಿರಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, 5 ಗಂಟೆ ಓಡಿಸಿದರೆ ಅರ್ಧ ಗಂಟೆ ವಿಶ್ರಾಂತಿ ಅಂತ ಬರೆದಿದ್ದರು. ಲೈನಿನಲ್ಲಿ ಅದನ್ನು ಕಂಡವರು ಇದ್ದರೆ ನನಗೂ ತೋರಿಸಿ.

ಇನ್ನೊಂದು ಲೆಕ್ಕ ಇದೆ, ಡೀಸೆಲ್ ಆವರೇಜ್. ಲೀಟರಿಗೆ ಇಷ್ಟು ಕಿಲೋಮೀಟರ್ ಬರಲೇಬೇಕು, ಕಮ್ಮಿ ಬಂದರೆ ಕಟ್, ಉಳಿಸಿದರೆ ನಿನಗೆ. ಕೇಳೋಕೆ ನ್ಯಾಯವಾಗಿಯೇ ಇದೆ. ಆದರೆ ಹೊಸ ಹುಡುಗ ಆವರೇಜ್ ತರೋಕೆ ಏನು ಮಾಡುತ್ತಾನೆ ಗೊತ್ತಾ? ಇಳಿಜಾರು ಬಂದ ಕೂಡಲೇ ನ್ಯೂಟ್ರಲ್‌ಗೆ ಹಾಕಿ ಬಿಡುತ್ತಾನೆ. ಶಿರಾಡಿಯಲ್ಲಿ ಹಾಗೆ ಬಿಟ್ಟರೆ ಎಂಜಿನ್ ಗಾಡಿಯನ್ನು ಹಿಡಿಯೋದೇ ಇಲ್ಲ. ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತೆ, ಡ್ರಮ್ ಕಾಯುತ್ತೆ, ಕೆಳಗಿನ ತಿರುವಿಗೆ ಬರೋ ಹೊತ್ತಿಗೆ ಪೆಡಲ್ ಒತ್ತಿದರೂ ಗಾಡಿ ನಿಲ್ಲಲ್ಲ. ತಮಾಷೆ ಏನಂದರೆ ಈಗಿನ ಗಾಡಿಗಳಲ್ಲಿ ಗೇರಿನಲ್ಲೇ ಕಾಲು ತೆಗೆದು ಇಳಿದರೆ ಎಂಜಿನ್‌ಗೆ ಡೀಸೆಲ್ ಹೋಗುವುದೇ ನಿಲ್ಲುತ್ತೆ, ನ್ಯೂಟ್ರಲ್‌ನಲ್ಲಿ ಮಾತ್ರ ಕುಡಿಯುತ್ತಲೇ ಇರುತ್ತೆ. ಪ್ರಾಣ ಒತ್ತೆ ಇಟ್ಟು ಡೀಸೆಲ್ ಸುಡೋದು ಅಂದರೆ ಇದೇ. ಆವರೇಜ್ ಲೆಕ್ಕದ ಓನರ್ ಆದರೆ ಮೊದಲ ಆರು ತಿಂಗಳು ಕಟ್ ಮಾಡಬೇಡಿ ಅಂತ ಬಾಯಿ ಬಿಟ್ಟು ಕೇಳು. ಗಾಡಿ ಗೊತ್ತಿರುವ ಓನರ್ ಒಪ್ಪುತ್ತಾನೆ.

ಬತ್ತಾ ವಿಷಯದಲ್ಲಿ ಒಂದೇ ಪ್ರಶ್ನೆ: ಗಾಡಿ ನಿಂತ ದಿನಕ್ಕೂ ಉಂಟಾ? ಫ್ಯಾಕ್ಟರಿ ಗೇಟಿನಲ್ಲಿ ಅನ್‌ಲೋಡ್‌ಗೆ ಎರಡು ದಿನ ಕಾಯೋದು ಮಾಮೂಲು. ಆ ಎರಡು ದಿನ ಊಟ ಮಾಡಬೇಕಲ್ಲ.

ಈಗ ಕಾಗದ ಪತ್ರ. ನಾವು ಸೇರುವಾಗ ಇದ್ಯಾವುದೂ ಇರಲಿಲ್ಲ, ನಿಮಗೆ ಅನುಕೂಲ ಇದೆ. ಸೇರೋ ಮುಂಚೆ ಓನರ್ ಗಾಡಿ ನಂಬರ್ ಬರೆದುಕೊಂಡು ಸರ್ಕಾರದ ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿ. ಇನ್ಶೂರೆನ್ಸ್ ಯಾವತ್ತಿನವರೆಗೆ, ಎಫ್‌ಸಿ (ಗಾಡಿ ರಸ್ತೆಗೆ ಇಳಿಸಲು ಯೋಗ್ಯ ಅನ್ನೋ ಸರ್ಟಿಫಿಕೇಟ್) ಯಾವತ್ತಿನವರೆಗೆ, ಎಲ್ಲ ಬರುತ್ತೆ. ಒಂದಲ್ಲ, ಕೈಗೆ ಸಿಕ್ಕಷ್ಟು ಗಾಡಿ ನೋಡಿ. ಎಫ್‌ಸಿ ಇಲ್ಲದ ಗಾಡಿ ಎಲ್ಲಾದರೂ ಗುದ್ದಿದರೆ ಇನ್ಶೂರೆನ್ಸ್‌ನವರು ತಕರಾರು ತೆಗೆಯುತ್ತಾರೆ, ಆದರೆ ಸ್ಟೇಷನ್‌ನಲ್ಲಿ ಕೂರೋದು ಸ್ಟೇರಿಂಗ್ ಹಿಡಿದವನು. ನಿಮ್ಮ ಒರಿಜಿನಲ್ ಲೈಸೆನ್ಸ್ ಮಾತ್ರ ಯಾರಿಗೂ ಕೊಡಬೇಡಿ. ಜೆರಾಕ್ಸ್ ಕೊಡಿ, ಸಾಕು. "ಎಲ್ಲರೂ ಇಟ್ಟಿದ್ದಾರೆ" ಅಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಅಡ್ವಾನ್ಸ್ ಕೂಡ ಅಷ್ಟೇ. ಕೇಳದೇ ಇದ್ದರೂ ಕೈಗೆ ತುರುಕುವ ಓನರ್ ಹತ್ತಿರ ಡ್ರೈವರ್‌ಗಳು ಯಾಕೆ ನಿಲ್ಲುತ್ತಿಲ್ಲ ಅಂತ ವಿಚಾರಿಸಿ.

ಓವರ್‌ಲೋಡ್ ಬಗ್ಗೆ ಸೇರುವ ದಿನವೇ ಮಾತಾಗಬೇಕು. 2018ರಲ್ಲಿ ಹತ್ತು ಚಕ್ರದ ಗಾಡಿಗೆ ಒಟ್ಟು ತೂಕ 28.5 ಟನ್‌ಗೆ ಏರಿಸಿದರು. ಅದೂ ಸಾಲಲ್ಲ ಅನ್ನೋರು ಇದ್ದಾರೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ದಂಡ 20 ಸಾವಿರ, ಜಾಸ್ತಿ ಇರುವ ಪ್ರತಿ ಟನ್‌ಗೆ ಮತ್ತೆ 2 ಸಾವಿರ, ಹೆಚ್ಚಿನ ಮಾಲು ಇಳಿಸುವ ತನಕ ಗಾಡಿ ಬಿಡುವಂತಿಲ್ಲ. ಕಾನೂನು ಓಡಿಸಿದವನನ್ನೂ ಹಿಡಿಯುತ್ತೆ, ಓಡಿಸಲು ಬಿಟ್ಟವನನ್ನೂ ಹಿಡಿಯುತ್ತೆ. ಆದರೆ ರಸ್ತೆಯಲ್ಲಿ ಇರೋನು ಒಬ್ಬನೇ. ಇ-ವೇ ಬಿಲ್, ಅಂದರೆ ಮಾಲು ಸಾಗಿಸೋಕೆ ಆನ್‌ಲೈನ್‌ನಲ್ಲಿ ತೆಗೆಸೋ ಜಿಎಸ್‌ಟಿ ಚೀಟಿ, ಅದೂ ಹಾಗೇ. 200 ಕಿಲೋಮೀಟರಿಗೆ ಒಂದು ದಿನ ಲೆಕ್ಕ. ಗಾಡಿ ಕೆಟ್ಟು ನಿಂತರೆ ಅವಧಿ ಮುಗಿಯುವ ಎಂಟು ಗಂಟೆ ಮುಂಚೆ ಅಥವಾ ಮುಗಿದ ಎಂಟು ಗಂಟೆಯೊಳಗೆ ಮುಂದುವರಿಸಿಕೊಳ್ಳಬೇಕು. ಆ ಹೊತ್ತಿನಲ್ಲಿ ಫೋನ್ ಎತ್ತೋರು ಆಫೀಸಿನಲ್ಲಿ ಯಾರು, ರಾತ್ರಿ ಯಾರು? ನಂಬರ್ ತೆಗೆದುಕೊಂಡೇ ಗಾಡಿ ಹತ್ತು.

ಇನ್ನು ಎರಡು ಗಾಡಿಯ ಓನರ್. ಒಳ್ಳೆಯವರು ತುಂಬಾ ಜನ ಇದ್ದಾರೆ, ನಾನು ಘಟ್ಟ ಇಳಿಯೋದನ್ನು ಸರಿಯಾಗಿ ಕಲಿತದ್ದೇ ಅಂಥ ಒಬ್ಬರ ಹತ್ತಿರ. ಅವರೇ ಮೊದಲು ಡ್ರೈವರ್ ಆಗಿದ್ದವರು, ಪಕ್ಕದಲ್ಲಿ ಕೂತು ಎರಡು ಟ್ರಿಪ್ ಬಂದರು. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಅಂತ ತಲೆಗೆ ಮೊಟಕಿ ಹೇಳಿಕೊಟ್ಟರು. ತೊಂದರೆ ಏನಂದರೆ ಬಾಡಿಗೆ ಕಮ್ಮಿಯಾದ ತಿಂಗಳು ಮೊದಲು ಗಾಡಿ ಕಂತು, ಆಮೇಲೆ ಟೈರು, ಉಳಿದರೆ ಡ್ರೈವರ್ ಸಂಬಳ. ಕಂತು ತಪ್ಪಿದರೆ ಫೈನಾನ್ಸ್‌ನವರು ದಾರಿಯಲ್ಲೇ ಗಾಡಿ ಸೀಜ್ ಮಾಡುತ್ತಾರೆ, ನೀನು ಬ್ಯಾಗ್ ಹಿಡಿದು ಇಳಿಯಬೇಕು.

ನನ್ನನ್ನು ಕೇಳಿದರೆ ಮೊದಲ ವರ್ಷಕ್ಕೆ ಪಾರ್ಸೆಲ್ ಲೈನ್ ಒಳ್ಳೆಯದು. ಹುಬ್ಬಳ್ಳಿಯಿಂದ ಬೆಂಗಳೂರು, ಬೆಂಗಳೂರಿನಿಂದ ಮಂಗಳೂರು, ಹೀಗೆ ಒಂದೇ ದಾರಿ, ದೂರದ ಗಾಡಿಗಳಿಗೆ ಬಹಳ ಕಡೆ ಇಬ್ಬರು ಡ್ರೈವರ್. ಸಂಬಳ ಕಮ್ಮಿ, ಬಯ್ಗುಳ ಜಾಸ್ತಿ, ಟೈಮಿಗೆ ಮುಟ್ಟಿಸು ಅನ್ನೋ ಕಾಟ ಬೇರೆ. ಆದರೂ ಹಳಬನ ಪಕ್ಕ ಕೂತು ಕಲಿಯಬಹುದು. ದೊಡ್ಡ ಕಡೆ ಆದರೆ ಪಿಎಫ್ ಇರುತ್ತೆ, ಸಂಬಳ 21 ಸಾವಿರದ ಒಳಗಿದ್ದರೆ ಇಎಸ್‌ಐ ಇರುತ್ತೆ, ಮನೆಯವರಿಗೂ ಆಸ್ಪತ್ರೆ ಆಗುತ್ತೆ. ಟ್ಯಾಂಕರ್ ಆಸೆ ಸದ್ಯಕ್ಕೆ ಬೇಡ. ಪೆಟ್ರೋಲ್, ಗ್ಯಾಸ್ ಹೊರೋಕೆ ಮೂರು ದಿನದ ತರಬೇತಿ ಮಾಡಿ ಲೈಸೆನ್ಸ್‌ನಲ್ಲಿ ನಮೂದು ಮಾಡಿಸಬೇಕು, ಅದಕ್ಕೂ ಮುಂಚೆ ಕೈ ಪಳಗಬೇಕು. ಕ್ವಾರಿ ಟಿಪ್ಪರ್ ಬಗ್ಗೆ ಹೇಳೋಕೆ ಹೊಸದೇನೂ ಇಲ್ಲ, ಮೇಲೆ ಬರೆದ ಅದಿರಿನ ಕಥೆಯೇ, ದಾರಿ ಚಿಕ್ಕದು ಅಷ್ಟೆ.

ನಿನ್ನೆ ಅವನ ಕೈಲಿ ಮೂರೂ ಕಡೆಯ ಗಾಡಿ ನಂಬರ್ ತರಿಸಿಕೊಂಡೆ. ಟ್ರಿಪ್ ಲೆಕ್ಕದವರದು ಎಲ್ಲ ಸರಿ ಇದೆ, ಆದರೆ ಒರಿಜಿನಲ್ ಲೈಸೆನ್ಸ್ ಕೇಳಿದ್ದಾರಂತೆ. ಮನೆ ಮಗನ ಹಾಗೆ ನೋಡ್ಕೋತೀವಿ ಅಂದವರ ಗಾಡಿಯ ಎಫ್‌ಸಿ ಮುಗಿದು ನಾಲ್ಕು ತಿಂಗಳಾಗಿದೆ. 18 ಸಾವಿರದವರ ಹತ್ತಿರ ಸೋಮವಾರ ಹೋಗಿ ಮಾತಾಡ್ತೀನಿ ಅಂದ, ದನಿಯಲ್ಲಿ ಅಷ್ಟೇನೂ ಖುಷಿ ಇರಲಿಲ್ಲ. ಗಾಡಿ ನಿಂತ ದಿನದ ಬತ್ತಾ ಕೇಳೋದು ಮರೀಬೇಡ ಅಂತ ರಾತ್ರಿ ಮೆಸೇಜ್ ಹಾಕಿದೆ. ಓದಿದ್ದಾನೆ, ಉತ್ತರ ಮಾತ್ರ ಬಂದಿಲ್ಲ.